ಪಾಲಮ್ಮನಿಗೆ ಇಲ್ಲದ ತಮ್ಮ

ಹ್ಞೂಂ ಅಂತಿರಬೇಕು ಮತ್ತೆ, ನೀನು ಹ್ಞೂಂ ಅನ್ನದಿದ್ರೆ ಕತೆ ಅಲ್ಲೇ ನಿಂತುಬಿಡುತ್ತೆ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಇದ್ದ ಕಾಲದಲ್ಲಿ, ಸಜ್ಜೆಹಟ್ಟಿ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಪಾಲಮ್ಮ ಅಂತ ಒಬ್ಬಳು ಹೆಂಗಸು, ಗಂಡ ಇಲ್ಲ, ಮಕ್ಕಳಿಲ್ಲ, ಒಡಹುಟ್ಟಿದವರೂ ಇಲ್ಲ, ಒಬ್ಬಳೇ ಇದ್ಳಂತೆ. ಒಬ್ಬಳೇ ಅಂತ ಪಾಪ ಅನ್ಕೋಬೇಡ, ಅವಳ ಹೆಸರು ಹೇಳಿದ್ರೆ ಸುತ್ತ ಹನ್ನೆರಡು ಹಳ್ಳಿ ಎದ್ದು ನಿಲ್ಲೋದಂತೆ. ಯಾಕೇಂದ್ರೆ ಆ ಹನ್ನೆರಡು ಹಳ್ಳಿಗೂ ಬಿತ್ತನೆ ಬೀಜ ಕೊಡೋಳು ಅವಳೇ. ನವಣೆ, ಸಜ್ಜೆ, ಹುರುಳಿ, ಅವರೆ, ಎಲ್ಲಾನೂ ಒಂದೊಂದೇ ಕಾಳು ಆರಿಸಿ, ಬೂದಿ ಬೆರೆಸಿ ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ, ಅದು ಹಸಿ ಇರುವಾಗಲೇ ಮೇಲೊಂದು ಮರದ ಮುದ್ರೆ ಒತ್ತೋಳಂತೆ. ಮೂರೆಲೆ ಮುದ್ರೆ. ಅವಳ ಮುಖ ನೋಡದವರು ಕೂಡ ಆ ಮುದ್ರೆ ನೋಡಿದ್ರೆ ಸಾಕು, ಕಣ್ಮುಚ್ಚಿಕೊಂಡು ಬಿತ್ತೋರಂತೆ.

ಆಮೇಲೆ ಒಂದು ದಿನ ಏನಾಯ್ತು, ಎತ್ತಿನ ಮೇಲೆ ಕೂತ್ಕೊಂಡು ಗಂಟೆ ಅಲ್ಲಾಡಿಸ್ತಾ ಒಬ್ಬ ಹೆಳವ ಬಂದನಂತೆ. ಹೆಳವರು ಅಂದ್ರೆ ಗೊತ್ತಲ್ಲ, ನಮ್ಮ ಮುತ್ತಾತನ ಮುತ್ತಾತನಿಂದ ಹಿಡಿದು ವಂಶದ ಹೆಸರೆಲ್ಲ ಬಾಯಲ್ಲೇ ಹೇಳೋರು. ಇವನು ಜಗಲಿ ಮೇಲೆ ಕೂತು ನೀರು ಕೇಳಿ ಕುಡಿದು, ತಾಯೀ ನಿಮ್ಮ ಮನೆತನ ದೊಡ್ಡದು, ಹಾಡ್ತೀನಿ ಕೇಳು, ನಿಮ್ಮವ್ವನ ಹೆಸರೇನು ಸ್ವಲ್ಪ ನೆನಪು ಮಾಡು ಅಂದನಂತೆ. ಕೆಂಚವ್ವ ಅಂದ್ಳು. ತವರು? ಹೂವಿನಮಡು ಅಂದ್ಳು. ಚಿಕ್ಕಂದಿನಲ್ಲಿ ನಿನ್ನ ಏನಂತ ಕೂಗೋರು? ಚಿಟ್ಟೆ ಅನ್ನೋರಪ್ಪ ಅಂತ ಇವಳು ನಕ್ಕುಬಿಟ್ಳಂತೆ. ಎಷ್ಟೋ ವರ್ಷ ಆಗಿತ್ತು ನೋಡು ಅವ್ವನ ಹೆಸರು ಯಾರಾದ್ರೂ ಕೇಳಿ, ಮನಸ್ಸು ತುಂಬಿ ಬಂತು, ಕೇಳಿದ್ದಕ್ಕೆಲ್ಲ ಹೇಳಿಬಿಟ್ಳು. ನಿಜವಾದ ಹೆಳವ ಕೇಳೋದಿಲ್ಲ ಮಗಾ, ಹೇಳ್ತಾನೆ. ಆದ್ರೆ ಅವತ್ತು ಅವಳಿಗೆ ಅದು ಹೊಳೀಲಿಲ್ಲ.

ಆಮೇಲೆ ಹದಿನೈದು ದಿನ ಬಿಟ್ಟು ಒಬ್ಬ ಕುಂಬಾರ ಬಂದನಂತೆ. ಅವನೂ ನೀರು ಕೇಳಿದ, ಕುಡಿದ. ಅಮ್ಮಾ, ನಿಂಗೆ ಗಟ್ಟಿ ಗಡಿಗೆ ಮಾಡಿಕೊಡ್ತೀನಿ, ಗಡಿಗೆ ಮೈ ಮೇಲೂ ನಿನ್ನ ಮುದ್ರೆ ಬಂದ್ರೆ ಎಷ್ಟು ಚೆಂದ, ಎಲ್ಲಿ ಆ ಮುದ್ರೆ, ಒಂದು ಗಳಿಗೆ ಕೊಡು ನೋಡೋಣ ಅಂದನಂತೆ. ನೋಡೋದಕ್ಕೇನು ಕಾಸೇ ಅಂತ ಇವಳು ಕೊಟ್ಳು. ಅವನು ಹಸಿ ಮಣ್ಣಿನ ಉಂಡೆ ಮೇಲೆ ಒಂದ್ಸಲ ಒತ್ತಿ, ಮುದ್ರೆ ವಾಪಸ್ ಕೊಟ್ಟು, ಉಂಡೇನ ಬಟ್ಟೇಲಿ ಸುತ್ಕೊಂಡು ಹೋದನಂತೆ. ಹೋದವನು ಗಡಿಗೆಯನ್ನೂ ತರಲಿಲ್ಲ, ಮುಖವನ್ನೂ ತೋರಿಸಲಿಲ್ಲ.

ಆಮೇಲೆ ಮೃಗಶಿರ ಮಳೆ ಬಿತ್ತು, ನೆಲ ಹದವಾಯ್ತು, ಇನ್ನು ಜನ ಬೀಜಕ್ಕೆ ಬರಬೇಕು ಅನ್ನೋವಾಗ, ಬೆಳಬೆಳಗ್ಗೆ ಕೆಂಪು ರುಮಾಲು ಸುತ್ತಿಕೊಂಡ ದಪ್ಪ ಮೀಸೆಯವನು ಬಂದು ಕೋಲಿನಿಂದ ಬಾಗಿಲು ಬಡಿದನಂತೆ. ನಾನು ಅರಮನೆಯವನು, ನಿನ್ನ ಮುದ್ರೆ ಇರೋ ಗಡಿಗೆಯಲ್ಲಿ ರಾಣಿಯ ಕದ್ದ ಒಡವೆ ಸಿಕ್ಕಿದೆ, ನಿನ್ನ ಕೈಗೆ ಬೇಡಿ ಬೀಳುತ್ತೆ ಅಂತ ಗುಡುಗಿದನಂತೆ. ನಾನಲ್ಲ ಸ್ವಾಮಿ, ನಂಗೊಂದೂ ಗೊತ್ತಿಲ್ಲ ಅಂದ್ಳು ಪಾಲಮ್ಮ. ಹಂಗಾದ್ರೆ ಮೂರು ದಿನ ಬಾಗಿಲು ಹಾಕ್ಕೊಂಡು ಒಳಗಿರು, ಯಾರು ಕೂಗಿದ್ರೂ ಓ ಅನ್ನಬೇಡ, ಯಾರಿಗೂ ಹೇಳಬೇಡ, ಹೇಳಿದ್ರೆ ತಲೆ ಹೋಗುತ್ತೆ, ವಿಚಾರಣೆ ಮುಗಿಸಿ ನಾನೇ ಬರ್ತೀನಿ ಅಂದವನು, ಬಾಯಾರಿದೆ ನೀರು ಕೊಡು ಅಂತ ಗಟಗಟ ಕುಡಿದು ಹೋದನಂತೆ.

ಪಾಪ, ಮೂರು ದಿನ ಅವಳು ಕತ್ತಲು ಕೋಣೆಯಲ್ಲಿ ಒಲೆ ಕೂಡ ಹಚ್ಚದೆ ಕೂತಿದ್ಳಂತೆ. ಪಕ್ಕದ ಮನೆ ಗಿಡ್ಡಕ್ಕ ಬಂದು ಪಾಲಕ್ಕಾ ಪಾಲಕ್ಕಾ ಅಂತ ಕೂಗಿದ್ರೂ ಸೆರಗು ಬಾಯಿಗೆ ತುರುಕಿಕೊಂಡು ಸುಮ್ಮನಿದ್ಳು. ಆ ಮೂರು ದಿನ ಊರ ಹೊರಗಿನ ಹುಣಸೆಮರದ ಕೆಳಗೆ ಏನು ನಡೀತಿತ್ತು ಗೊತ್ತಾ? ಒಬ್ಬ ಗಾಡಿ ತುಂಬ ಗಡಿಗೆ ಇಟ್ಕೊಂಡು, ನಾನು ಪಾಲಮ್ಮನ ತಮ್ಮ, ಅಕ್ಕಂಗೆ ಚಳಿಜ್ವರ, ಬೀಜ ನನ್ನ ಕೈಲಿ ಕಳಿಸಿದ್ದಾಳೆ ಅಂತಿದ್ದನಂತೆ. ಜನ ಮೊದಮೊದಲು ನಂಬಲಿಲ್ಲ. ಅವನು ನಮ್ಮವ್ವ ಕೆಂಚವ್ವ, ನಮ್ಮೂರು ಹೂವಿನಮಡು, ಅಕ್ಕನ್ನ ನಾವು ಚಿಟ್ಟೆ ಅಂತಿದ್ವಿ ಅಂದ. ಗಡಿಗೆ ಬಾಯಿ ನೋಡಿದ್ರೆ ಮೂರೆಲೆ ಮುದ್ರೆ. ಪಾಲಮ್ಮನ ಬಾಗಿಲಿಗೆ ಹೋಗಿ ಕೂಗಿದ್ರೆ ಓ ಅನ್ನೋರಿಲ್ಲ. ಇನ್ನೇನು ಬೇಕು? ಕುರಿ ಕೊಟ್ಟವರು ಕುರಿ ಕೊಟ್ರು, ಕಾಲ್ಗಡಗ ಕೊಟ್ಟವರು ಕಾಲ್ಗಡಗ ಕೊಟ್ರು, ಬೀಜ ತಗೊಂಡು ಹೋಗಿ ಬಿತ್ತಿದ್ರಂತೆ.

ನಾಲ್ಕು ದಿನ ಆಯ್ತು, ಎಂಟು ದಿನ ಆಯ್ತು, ಒಂದೇ ಒಂದು ಮೊಳಕೆ ಮೇಲೇಳಲಿಲ್ಲ. ಕೆದಕಿ ನೋಡಿದ್ರೆ ಎಲ್ಲಾ ಬೇಯಿಸಿ ಒಣಗಿಸಿದ ಕಾಳು! ಆಮೇಲೆ ಕೇಳ್ತೀಯಾ, ಹನ್ನೆರಡು ಹಳ್ಳಿಯ ಜನ ದೊಣ್ಣೆ ಹಿಡ್ಕೊಂಡು, ಒಡೆದ ಗಡಿಗೆ ಹಿಡ್ಕೊಂಡು ಪಾಲಮ್ಮನ ಮನೆ ಮುಂದೆ ಬಂದ್ರಂತೆ. ನಿನ್ನ ತಮ್ಮ ಎಲ್ಲಿ, ಕರಿ ಈಚೆಗೆ ಅಂದ್ರು. ನಂಗೆ ತಮ್ಮನೇ ಇಲ್ವಲ್ಲಪ್ಪ ಅಂದ್ಳು. ಮುದ್ರೆ ತೋರಿಸಿದ್ರು. ಅವ್ವನ ಹೆಸರು ಹೇಳಿದ್ರು. ಚಿಟ್ಟೆ ಅನ್ನೋ ಮಾತು ಕೇಳಿದ್ದೇ ತಡ, ಅವಳಿಗೆ ಹೆಳವ ನೆನಪಾಗಿ ಮೋಸ ಹೋಗಿದ್ದು ಅರ್ಥ ಆಯ್ತಂತೆ.

ಕುಂಬಾರನಿಗೆ ಮುದ್ರೆ ಕೊಟ್ಟಿದ್ದನ್ನ ನೋಡಿದ್ದ ಗಿಡ್ಡಕ್ಕ ಕಿವಿ ಹತ್ರ ಬಂದು, ಪಾಲಕ್ಕಾ, ನಾನೇ ಮುದ್ರೆ ಕೊಟ್ಟೆ ಅಂತ ಮಾತ್ರ ಬಾಯಿ ಬಿಡಬೇಡ, ಮುದ್ರೆ ಕಳೆದುಹೋಗಿತ್ತು ಅಂದುಬಿಡು, ಮಾನ ಉಳಿಯುತ್ತೆ ಅಂದ್ಳಂತೆ. ಪಾಲಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಒರಳುಕಲ್ಲಿನ ಮೇಲೆ ಹತ್ತಿ ನಿಂತು, ಯಾಕೆ ಮುಚ್ಚಿಡಲಿ, ಕೇಳ್ರಪ್ಪಾ ಎಲ್ಲರೂ ಅಂತ, ಹೆಳವ ಬಂದಿದ್ದು, ಕುಂಬಾರ ಬಂದಿದ್ದು, ಅರಮನೆಯವನು ಬಂದಿದ್ದು, ತಾನು ಮೂರು ದಿನ ಇಲಿ ಥರ ಅಡಗಿ ಕೂತಿದ್ದು, ಒಂದನ್ನೂ ಬಿಡದೆ ಹೇಳಿದ್ಳಂತೆ. ಹೇಳ್ತಾ ಹೇಳ್ತಾನೇ ಅವಳಿಗೆ ಹೊಳೀತು, ಮೂರು ಸಲವೂ ನೀರಿನ ಚೊಂಬು ಹಿಡಿದ ಕೈಯ ಹೆಬ್ಬೆರಳಿನ ಉಗುರು ಎರಡಾಗಿ ಸೀಳಿತ್ತು. ಮೂವರಲ್ಲ ಕಣ್ರೋ, ಒಬ್ಬನೇ ಅಂದ್ಳಂತೆ.

ಊರ ಯಜಮಾನ ಗಡ್ಡ ನೀವಿಕೊಂಡು, ಇಷ್ಟು ಬುದ್ಧಿವಂತೆ ಅನ್ಕೊಂಡಿದ್ವಿ, ಇಷ್ಟು ಸುಲಭಕ್ಕೆ ಮೋಸ ಹೋದ್ಯಲ್ಲಮ್ಮ, ನಾಚಿಕೆ ಆಗಲ್ವಾ ಅಂದನಂತೆ. ಪಾಲಮ್ಮನ ಕಣ್ಣು ಕೆಂಡ ಆಯ್ತು. "ನಾನ್ಯಾಕೆ ನಾಚಲಿ ಯಜಮಾನ್ರೇ? ನಾನು ನೀರು ಕೊಟ್ಟವಳು, ಅವನು ಮೋಸ ಮಾಡಿದವನು. ನಾಚಿಕೆ ಅವನ ಹೆಗಲ ಮೇಲಿರಬೇಕು, ನಾನು ಹೊರೋದಿಲ್ಲ! ಹೆದರಿಕೊಂಡು ಮೂರು ದಿನ ಬಾಯಿ ಮುಚ್ಚಿದ್ದಕ್ಕೇ ಇಷ್ಟೆಲ್ಲ ಆಯ್ತು. ಇನ್ನು ಮುಚ್ಚೋದಿಲ್ಲ. ನಿಮ್ಮಲ್ಲೂ ಯಾರ ಮನೆಗೆ ಅವನು ಬಂದಿದ್ದ ಹೇಳಿ."

ಆಮೇಲೆ ಹಿಂದಿನಿಂದ ಕಂಬಳಿ ನೇಯೋ ಸಿದ್ದವ್ವ ಮೆಲ್ಲಗೆ ಕೈ ಎತ್ತಿ, ಹೋದ ವರ್ಷ ನನ್ನ ಹೆಸರು ಹೇಳಿ ಹರಕು ಕಂಬಳಿ ಮಾರಿದಾನೆ, ನಗ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ ಅಂತ ಅತ್ತುಬಿಟ್ಳಂತೆ. ಆಮೇಲೆ ಗಾಣದ ಮನೆಯವನು ಬಾಯಿಬಿಟ್ಟ. ಆಮೇಲೆ ಕೆಂಪುಗುಡ್ಡದ ನುಂಕಜ್ಜ, ನೋವಿನ ಎಣ್ಣೆ ಕಾಯಿಸಿ ಸೋರೆ ಬುರುಡೆಗೆ ತುಂಬಿ ಅರಗಿನ ಮುದ್ರೆ ಒತ್ತಿ ಕೊಡೋ ನಾಟಿವೈದ್ಯ, ಕೋಲೂರಿಕೊಂಡು ಮುಂದೆ ಬಂದು, ಅಯ್ಯೋ ಮಗಳೇ, ನಮ್ಮನೆಗೂ ಹೆಳವ ಬಂದಿದ್ದ, ಮೊನ್ನೆ ಒಬ್ಬ ಮುದ್ರೆ ನೋಡ್ತೀನಿ ಅಂತಾನೂ ಬಂದಿದ್ದ, ಕೊಟ್ಟೆ ಅಂದನಂತೆ. ಪಾಲಮ್ಮ ಒರಳುಕಲ್ಲಿಂದ ಧುಮುಕಿ, ಹಂಗಾದ್ರೆ ಇನ್ನು ಬರಬೇಕಾದವನು ಅರಮನೆಯವನು, ನಡೀರಿ ಅಂದ್ಳು.

ಆಮೇಲೆ ನುಂಕಜ್ಜನ ಮನೆ ಹಿತ್ತಿಲಲ್ಲಿ, ಅಟ್ಟದ ಮೇಲೆ, ಹುಲ್ಲಿನ ಬಣವೆ ಹಿಂದೆ, ಎಲ್ಲಾ ಕಡೆ ಜನ ಬಚ್ಚಿಟ್ಟುಕೊಂಡು ಕಾದ್ರಂತೆ. ಒಂದು ದಿನ ಬರಲಿಲ್ಲ, ಎರಡು ದಿನ ಬರಲಿಲ್ಲ, ಮೂರನೇ ದಿನ ಮಟಮಟ ಮಧ್ಯಾಹ್ನ ಕೆಂಪು ರುಮಾಲು ಬಂತು. ನಿನ್ನ ಎಣ್ಣೆ ಹಚ್ಚಿಕೊಂಡು ದಳವಾಯಿ ಸತ್ತ, ಮೂರು ದಿನ ಒಳಗಿರು, ಯಾರಿಗೂ ಹೇಳಬೇಡ ಅಂತ ಗುಡುಗಿದನಂತೆ. ನುಂಕಜ್ಜ, ಆಗಲಿ ಸ್ವಾಮಿ ಅಂತ ಕೈ ಮುಗಿದು, ಹೊಸಿಲು ದಾಟಿ ಈಚೆ ಬಂದು, ಎಂಬತ್ತು ವರ್ಷದ ಗಂಟಲು ಹರಿಯೋ ಹಂಗೆ, ಲೇಯ್ ಎಲ್ಲರೂ ಬರ್ರೋ, ಯಾರಿಗೂ ಹೇಳಬಾರದಂತೆ ಅಂತ ಕೂಗಿದನಂತೆ!

ಬಣವೆಯಿಂದ ಬಂದ್ರು, ಅಟ್ಟದಿಂದ ಇಳಿದ್ರು. ಪಾಲಮ್ಮ ಮುಂದೆ ಬಂದು ನಿಂತ್ಳು. ಅವನು ಮೀಸೆ ತಿರುವಿ, ಯಾರು ನೀನು, ನಿನ್ನ ನಾನು ನೋಡೇ ಇಲ್ಲ ಅಂದ. "ಏನೋ ತಮ್ಮಾ, ಸ್ವಂತ ಅಕ್ಕನ ಗುರುತು ಸಿಗಲಿಲ್ವೇನೋ" ಅಂದವಳೇ ಅವನ ಕೈ ಹಿಡಿದು ಮೇಲೆತ್ತಿ, ಸೀಳಿದ ಉಗುರು ಎಲ್ಲರಿಗೂ ತೋರಿಸಿದ್ಳಂತೆ. ಸಿದ್ದವ್ವ ಬಂದು ಮೀಸೆ ಎಳೆದ್ಳು, ಕಿತ್ತು ಕೈಗೇ ಬಂತು. ಹೊಡೀರಿ ಅಂತ ದೊಣ್ಣೆ ಎತ್ತಿದವರನ್ನ ಪಾಲಮ್ಮ ತಡೆದ್ಳಂತೆ. ಹೊಡೆದ್ರೆ ಅವನ ಬೆನ್ನು ನೋಯುತ್ತೆ ಅಷ್ಟೆ, ಇವನು ಹನ್ನೆರಡು ಹಳ್ಳಿ ಕಟ್ಟೆ ಮೇಲೂ ನಿಂತು ಹೆಂಗೆಂಗೆ ಮೋಸ ಮಾಡಿದೆ ಅಂತ ತನ್ನ ಬಾಯಲ್ಲೇ ಹೇಳಲಿ, ಆಮೇಲೆ ನಿಜವಾದ ಅರಮನೆಗೆ ಒಪ್ಪಿಸೋಣ ಅಂದ್ಳು. ಹಂಗೇ ಹೇಳಿಸಿದ್ರಂತೆ. ಕುರಿ, ಕಾಲ್ಗಡಗ ಎಲ್ಲಾ ಅವರವರ ಮನೆಗೆ ವಾಪಸ್ ಬಂತು.

ಆಮೇಲೆ ಪಾಲಮ್ಮ ತನ್ನ ಹಳೇ ಮುದ್ರೇನ ಒಲೆಗೆ ಹಾಕಿ ಸುಟ್ಟು, ಇನ್ನು ಮೇಲೆ ವರ್ಷಕ್ಕೊಂದು ಹೊಸ ಮುದ್ರೆ, ಬೀಜ ಬೇಕಾದವರು ನನ್ನ ಮುಖ ನೋಡಿಯೇ ತಗೊಳ್ಳಿ ಅಂದು, ಒಳಗಿದ್ದ ಒಳ್ಳೇ ಬೀಜ ಎಲ್ಲಾ ಹಂಚಿದ್ಳಂತೆ. ನೆಲದ ಹದ ಇನ್ನೂ ಆರಿರಲಿಲ್ಲ. ಎರಡನೇ ಸಲ ಬಿತ್ತಿದ್ದು ಐದೇ ದಿನಕ್ಕೆ ಹಸಿರಾಗಿ ಎದ್ದಿತಂತೆ. ಯಜಮಾನ ಹೊಲದ ಬದುವಿನ ಮೇಲೆ ನಿಂತ್ಕೊಂಡು, ಯಾರೂ ಹತ್ರ ಇಲ್ಲ ಅಂತ ನೋಡ್ಕೊಂಡು, ಪಾಲಮ್ಮಾ, ಆ ಹೆಳವ ನಮ್ಮನೆಗೂ ಬಂದಿದ್ದ ಕಣಮ್ಮ ಅಂದನಂತೆ. ಜೋರಾಗಿ ಹೇಳಿ ಯಜಮಾನ್ರೇ, ಎಲ್ಲರಿಗೂ ಕೇಳಲಿ ಅಂದ್ಳಂತೆ ಪಾಲಮ್ಮ. ಅವನು ಜೋರಾಗೇ ಹೇಳಿದನಂತೆ, ಒಬ್ಬರೂ ನಗಲಿಲ್ಲವಂತೆ. ಆ ವರ್ಷ ಹನ್ನೆರಡು ಹಳ್ಳಿಯಲ್ಲೂ ಕಣ ತುಂಬಿ, ಉಂಡು ಉಳಿದು, ಎಲ್ಲರೂ ತಣ್ಣಗಿದ್ರಂತೆ. ಅಲ್ಲಿಗೆ ಅವರ ಕತೆ ಮುಗೀತು, ನಿನ್ನ ಹ್ಞೂಂ ಕೂಡ ಆಗಲೇ ನಿಂತಿತ್ತು, ಮಲಗು ನನ್ನ ಕೂಸೇ.