ಡಬ್ಬಿಗೆ ಬಿದ್ದ ಬೀಗ

ನಮ್ಮೂರ ಗಿರಣಿಯಲ್ಲಿ ಹೆಂಗಸರು ಜೋಳದ ಡಬ್ಬಿಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗುತ್ತಿದ್ದರು. ಗಿರಣಿ ನಡೆಸುವ ನೀಲವ್ವ ಸರದಿ ಪ್ರಕಾರ ಬೀಸಿಡುತ್ತಿದ್ದಳು. ಬಂದವರು ಹೋದವರು ಎಲ್ಲರ ಡಬ್ಬಿಯ ಮೇಲೂ ಒಂದು ಕಣ್ಣಿಡುತ್ತಿದ್ದರು. ಹಿಡಿ ಹಿಟ್ಟೂ ಆಚೀಚೆ ಆಗಿದ್ದಿಲ್ಲ.

ಗಿರಣಿಯ ಜಾಗ ನಿವೃತ್ತ ತಹಶೀಲ್ದಾರ್ ರಾಚಪ್ಪನವರದು. ಒಂದು ದಿನ ಅವರು ಬಂದು ಅಪ್ಪಣೆ ಮಾಡಿದರು: "ಈ ಕಾಲದಾಗ ಯಾರನ್ನೂ ನಂಬಬಾರದು. ಎಲ್ಲಾರ ಡಬ್ಬಿಗೂ ಬೀಗ ಇರಬೇಕು. ಚಾವಿ ಅವರವರ ಕೈಯಾಗ ಇರಬೇಕು. ಇಲ್ಲಾಂದ್ರ ಜಾಗ ಖಾಲಿ ಮಾಡು."

"ಆಗ್ಲಿರಿ ಸಾಹೇಬ್ರ," ಅಂದಳು ನೀಲವ್ವ.

ಡಬ್ಬಿಗಳಿಗೆ ಬೀಗ ಬಿದ್ದವು. ಚಾವಿ ಹಿಡಿದವರೆಲ್ಲ ಸರದಿ ಬರುವ ತನಕ ಅಲ್ಲೇ ನಿಲ್ಲಬೇಕಾಯಿತು. ರಾಚಪ್ಪನವರ ಡಬ್ಬಿಯನ್ನು ಆಳು ತಂದ. ನೀಲವ್ವ ಮುಟ್ಟಲಿಲ್ಲ. "ಚಾವಿ ಸಾಹೇಬ್ರ ಕೈಯಾಗ ಇರಬೇಕಂತ. ಅವರನ್ನ ಕರಕೊಂಡು ಬಾ."

ಬಿಳಿ ಧೋತರದ ರಾಚಪ್ಪನವರು ಹಿಟ್ಟಿನ ಧೂಳಿನಲ್ಲಿ ಮಧ್ಯಾಹ್ನದ ತನಕ ನಿಂತರು. ಕೊನೆಗೆ, "ಉಂಡು ಬರ್ತೀನಿ. ನನ್ನ ಡಬ್ಬಿ ನೋಡ್ಕೋ," ಅಂದರು.

"ಯಾರನ್ನೂ ನಂಬಬಾರದು ಅಂದ್ರಲ್ರೀ. ಅದರಾಗ ನಾನೂ ಬಂದೆ."

ಅವರ ಮುಖ ಕೆಂಪಾಯಿತು. "ಸಾಕು ಈ ಬೀಗದ ಸಹವಾಸ. ಎಲ್ಲಾರೂ ತಗೀರಿ."

"ಮೊನ್ನೆ ತನಕ ನಿಮ್ಮ ಡಬ್ಬಿನೂ ಇವರೇ ಕಾಯ್ತಿದ್ರು. ಮೊದಲು ನಿಮ್ಮದು ತಗೀರಿ," ಅಂದಳು ನೀಲವ್ವ.

ರಾಚಪ್ಪನವರು ಚಾವಿಗೆಂದು ಜೇಬಿಗೆ ಕೈ ಹಾಕಿದರು. ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಕೈ ಜೇಬಿನಲ್ಲೇ ಉಳಿಯಿತು.

ಹೆಂಗಸರು ಅದನ್ನು ನೋಡಿದರು. ಸೆರಗಿನ ತುದಿಯಲ್ಲಿ ಚಾವಿ ಕಟ್ಟಿದ್ದ ಗಂಟನ್ನು ಇನ್ನಷ್ಟು ಬಿಗಿದುಕೊಂಡರು.