ಬಾಯಿ ಕಟ್ಟಿದ ಗಂಟು

ಹೊಳೆಯ ಈ ದಡದಲ್ಲಿ ಊರು. ಆ ದಡದಲ್ಲಿ ಹುಲಿಗೆವ್ವನ ಗುಡಿಸಲು.

ಹುಲಿಗೆವ್ವ ಮಂತ್ರ ಕಲಿಸುವ ಮುದುಕಿ. ಅವಳದು ಕಟ್ಟುವ ವಿದ್ಯೆ. ಗಾಳಿಯನ್ನು ಕಟ್ಟಬಹುದು, ಬೆಂಕಿಯನ್ನು ಕಟ್ಟಬಹುದು, ಹಾವಿನ ಬಾಯಿ ಕಟ್ಟಬಹುದು. ಕಟ್ಟಿದವರು ತಮ್ಮ ಮುಂಗೈಯ ಕರಿದಾರಕ್ಕೆ ಒಂದು ಗಂಟು ಹಾಕಬೇಕು. ಗಂಟು ಇರುವ ತನಕ ಕಟ್ಟು ಇರುತ್ತದೆ.

ಕಲಿಯಲು ಬಂದವರ ಕುಲವನ್ನು ಅವಳು ಕೇಳುತ್ತಿರಲಿಲ್ಲ. "ಉಂಡೀಯೇನು?" ಎಂದು ಕೇಳುತ್ತಿದ್ದಳು.

ಆದರೆ ಅಲ್ಲೊಂದು ಪದ್ಧತಿ ಇತ್ತು. ಕಟ್ಟುವುದಕ್ಕಿಂತ ಮೊದಲು ಬಿಚ್ಚುವುದನ್ನು ಕಲಿಯಬೇಕು.

ಗಂಟು ಬೆರಳಿಗೆ ಬಿಚ್ಚುವುದಿಲ್ಲ. ಕುಡುಗೋಲಿಗೆ ಹರಿಯುವುದಿಲ್ಲ. ಏನನ್ನು ಕಟ್ಟಿದ್ದೀರೋ ಅದರ ಎದುರು ಹೋಗಿ ಕೂಡಬೇಕು. "ನಿನಗೇನು ಹೇಳೋದಿತ್ತು?" ಎಂದು ಕೇಳಬೇಕು. ಅದು ಹೇಳಿ ಮುಗಿಸುವ ತನಕ ಏಳಬಾರದು.

ಎದ್ದರೆ ಗಂಟು ಮತ್ತೆ ಬಿಗಿ.

ಸಂಕಪ್ಪನೆಂಬ ಶಿಷ್ಯ ಒಮ್ಮೆ ಹುಂಜದ ಬಾಯಿ ಕಟ್ಟಿದ. ಬೆಳಗಿನ ನಿದ್ದೆ ಎಂದರೆ ಅವನಿಗೆ ಪ್ರಾಣ. ಮರುದಿನ ಹೊತ್ತು ನೆತ್ತಿಗೆ ಬಂದರೂ ಗುಡಿಸಲಿನಲ್ಲಿ ಯಾರೂ ಏಳಲಿಲ್ಲ. ಆಡುಗಳು ಹಸಿದು ಒದರಿದವು.

"ಹೋಗಲೇ, ಹುಂಜನ ಮಾತಾಡಿಸಿ ಬಾ" ಎಂದಳು ಹುಲಿಗೆವ್ವ.

ಸಂಕಪ್ಪ ಹುಂಜದ ಎದುರು ಕೂತು ಕೇಳಿದ. ಹುಂಜ ಅವನ ಮೂಗು ಕುಕ್ಕಿತು. ಸಂಕಪ್ಪ ಎದ್ದು ಓಡಿದ. ಗಂಟು ಬಿಗಿಯಿತು. ಮತ್ತೆ ಹೋದ, ಮತ್ತೆ ಓಡಿದ. ಸಂಜೆಯ ಹೊತ್ತಿಗೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತ. ಹುಂಜ ತನ್ನ ಮಾತು ಮುಗಿಸಿತು. ಗಂಟು ಜಾರಿತು.

"ಏನಂತಲೇ ಹುಂಜ?" ಎಂದು ಅವನ ಜೊತೆ ಕಲಿಯುತ್ತಿದ್ದ ಬರಮಿ ಕೇಳಿದಳು.

"ನಮ್ಮಪ್ಪ ದಿನಾ ಮುಂಜಾನೆ ಏನಂತಿದ್ದನೋ ಅದನ್ನ ಅಂತು" ಎಂದ ಸಂಕಪ್ಪ, ಮೂಗು ಹಿಡಿದುಕೊಂಡು.

ಹುಲಿಗೆವ್ವ ನಕ್ಕ ನಗುವಿಗೆ ಎಲೆಯಡಿಕೆ ಚೀಲ ಮಡಿಲಿನಿಂದ ಬಿತ್ತು.

ಆ ಗುಡಿಸಲಿನಲ್ಲಿ ಬೇಡ ಎನ್ನುವುದು ಒಂದೇ ಇತ್ತು. ಮನುಷ್ಯರ ಬಾಯಿ ಕಟ್ಟಬಾರದು.

ಬರಮಿ ಅದನ್ನೇ ಮಾಡಿ ಬಂದಳು.

ಬರಮಿ ಗುತ್ಯಪ್ಪನ ಮಗಳು. ಗುತ್ಯಪ್ಪ ಊರ ಬಟ್ಟೆ ಒಗೆಯುವವನು. ಅವನ ತಂದೆಯೂ ಊರ ಬಟ್ಟೆ ಒಗೆದು ಸತ್ತ. ಹೊಳೆಗೆ ಇಳಿಯುವ ಮೆಟ್ಟಿಲುಗಳು ಊರ ಧಣಿ ದೇಸಾಯಿಯವು. ಹೊಳೆಯೂ ತನ್ನದೇ ಎಂದು ದೇಸಾಯಿ ತಿಳಿದಿದ್ದ. ಅಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ತಂದೆಯನ್ನು ನೋಡಿಬರಲು ಹೋದ ಬರಮಿ ಮಧ್ಯಾಹ್ನವೇ ತಿರುಗಿ ಬಂದಳು. ಮುಖ ಕೆಂಡದಂತಿತ್ತು. ಮುಂಗೈ ದಾರದಲ್ಲಿ ಹೊಸ ಗಂಟು.

ಹುಲಿಗೆವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು.

"ಉಂಡೀಯೇನು?"

"ಉಂಡಿಲ್ಲ. ದೇಸಾಯಿ ಬಾಯಿ ಕಟ್ಟೀನಿ."

ಸಂಕಪ್ಪ ಕೈಯಲ್ಲಿದ್ದ ಕೊಡ ಕೆಳಗಿಟ್ಟು ಕುಣಿದ. "ಭಲೇ ಹುಲಿ! ಒಂದು ಮಾತೂ ಬರಂಗಿಲ್ಲೇನು ಅವಂಗ?"

"ಒಂದು ಅಕ್ಷರ ಬರಂಗಿಲ್ಲ. ಮೀನಿನಂಗ ಬಾಯಿ ತೆರೀತಾನ, ಮುಚ್ಚತಾನ."

ಹುಲಿಗೆವ್ವ ಮೊರ ಬದಿಗಿಟ್ಟಳು. "ಯಾಕ ಕಟ್ಟಿದಿ?"

"ಅವನ ಶಾಲಿನ ಮ್ಯಾಲ ಒಂದು ಕಲೆ ಉಳಿದಿತ್ತಂತ. ಅಪ್ಪನ ತಲಿ ಮ್ಯಾಲ ಹಸಿ ಬಟ್ಟಿ ಗಂಟು ಹೊರಿಸಿ, ಕಾದ ಕಲ್ಲಿನ ಮ್ಯಾಲ ನಿಲ್ಲಿಸಿದ್ದ. ಹೋಗೋರು ಬರೋರು ಕೇಳೋ ಹಂಗ ಬೈದ. ನನ್ನವ್ವನ ಬೈದ. ಸತ್ತ ಅಜ್ಜನ್ನೂ ಬಿಡಲಿಲ್ಲ. ನಾ ಮಂತ್ರ ಅಂದೆ, ಗಂಟು ಹಾಕಿದೆ."

ಹುಲಿಗೆವ್ವ ಅವಳ ಕೈ ಹಿಡಿದು ಗಂಟು ನೋಡಿದಳು.

"ಛಲೋ ಗಂಟು. ನಿನ್ನ ವಯಸ್ಸಿನಾಗ ನನಗ ಇಷ್ಟು ಬಿಗಿ ಬರತಿರಲಿಲ್ಲ."

ಬರಮಿ ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಹೊಗಳಿಕೆಗೆ ಸಿದ್ಧಳಾಗಿರಲಿಲ್ಲ.

"ನಿಮ್ಮಪ್ಪ ಏನಂದ?" ಎಂದಳು ಹುಲಿಗೆವ್ವ.

"ಅಪ್ಪ ಏನೂ ಅನಲಿಲ್ಲ. ಅಪ್ಪ ಯಾವತ್ತೂ ಏನೂ ಅನ್ನಂಗಿಲ್ಲ."

"ಅವನ ಬಾಯಿ ಯಾರು ಕಟ್ಟಿದ್ರು?"

"ಯಾರೂ ಕಟ್ಟಿಲ್ಲವ್ವ. ಅವ ಹಂಗ ಅದಾನ."

"ಹಂಗ ಯಾರೂ ಇರಂಗಿಲ್ಲ" ಎಂದಳು ಹುಲಿಗೆವ್ವ. "ದೇಸಾಯಿ ಕಟ್ಟ್ಯಾನ. ದಾರ ಇಲ್ಲ, ಮಂತ್ರ ಇಲ್ಲ. ನನಗಿಂತ ದೊಡ್ಡ ಮಂತ್ರವಾದಿ ಅಂವ. ಯಾರ ಹತ್ರ ಕಲ್ತಾನೋ ಏನೋ."

ಬರಮಿ ಮುಂಗೈಯ ಗಂಟನ್ನು ತಿರುಗಿಸಿ ನೋಡಿದಳು.

"ರೊಟ್ಟಿ ಆರತಾವ. ಉಣ್ಣು ನಡಿ" ಎಂದಳು ಹುಲಿಗೆವ್ವ.

ಮರುದಿನ ಬರಮಿಯ ದನಿ ಒಡೆದಿತ್ತು. ತಣ್ಣೀರು ಕುಡಿದದ್ದಕ್ಕೆ ಇರಬೇಕು ಅಂದುಕೊಂಡಳು. ಅದರ ಮರುದಿನ ಆಡನ್ನು ಕರೆದರೆ ಆಡು ತಿರುಗಿ ನೋಡಲಿಲ್ಲ.

ಹುಲಿಗೆವ್ವ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಜೇನು ಕಲಸಿದ ಶುಂಠಿ ನೆಕ್ಕಿಸಿದಳು.

"ಇದರಿಂದ ಉರಿ ಕಡಿಮಿ ಆಗತೈತಿ. ದನಿ ಬರಂಗಿಲ್ಲ" ಎಂದಳು.

"ಯಾಕ?"

"ಮನುಷ್ಯನ ಬಾಯಿ ಹಾವಿನ ಬಾಯಿ ಹಂಗಲ್ಲ, ಭಾಳ ಭಾರ. ಅದನ್ನ ಮುಚ್ಚಿ ಹಿಡಿಯೋದಕ್ಕ ನಿನ್ನ ಬಾಯೇ ಬೇಕು. ಅಮಾಸಿ ತನಕ ತಡೀತೈತಿ. ಆಮ್ಯಾಲ ನಿನ್ನ ದನಿ ತಿರುಗಿ ಬರಂಗಿಲ್ಲ. ದನಿ ಇಲ್ಲದವರಿಗೆ ಮಂತ್ರಾನೂ ಇಲ್ಲ."

ಬರಮಿ ಹೊಳೆಯಾಚೆಯ ಊರಿನ ಕಡೆ ತಿರುಗಿದಳು. ಆಮೇಲೆ ಪಿಸುಗುಟ್ಟಿದಳು.

"ಹೋಗ್ಲಿ. ನನ್ನ ಬಾಯಿ ಹೋಗಿ ಅವನ ಬಾಯಿ ಮುಚ್ಚತೈತಿ ಅಂದ್ರ ನಾವೇ ಗೆದ್ದಂಗ."

ಹುಲಿಗೆವ್ವನಿಗೆ ಸಿಟ್ಟು ಬಂದದ್ದನ್ನು ಅಂದು ಮೊದಲ ಸಲ ಶಿಷ್ಯರು ಕಂಡರು.

"ಗೆದ್ದಂಗ? ದೇಸಾಯಿಗೆ ಮಗ ಅದಾನ, ಅಳಿಯ ಅದಾನ, ಕಾರಭಾರಿ ಅದಾನ. ಒಂದು ಬಾಯಿ ಮುಚ್ಚಿದ್ರ ಇನ್ನೊಂದು ತೆರೀತೈತಿ. ನಮಗ ಎಷ್ಟು ಬಾಯಿ ಅದಾವ? ಮಾತಾಡೋ ಹುಡುಗಿ ಅಂತ ನೀ ಒಬ್ಬಾಕಿ ಹುಟ್ಟೀದಿ. ನಿನ್ನನ್ನ ಅವನ ಗಂಟಲಿಗೆ ಬಿರಡಿ ಮಾಡಾಕ ನಾನು ಸಾಕೀನೇನು?"

ಬರಮಿ ಮುಖ ಮುಚ್ಚಿಕೊಂಡಳು. ಹುಲಿಗೆವ್ವ ಅವಳ ತಲೆಯನ್ನು ತೊಡೆಗೆ ಎಳೆದುಕೊಂಡು ಹೇನು ನೋಡತೊಡಗಿದಳು. ಸಿಟ್ಟು ಇಳಿಯುವ ತನಕ ನೋಡಿದಳು.

ಅಷ್ಟರಲ್ಲಿ ಉಪ್ಪು ತರಲು ಊರಿಗೆ ಹೋಗಿದ್ದ ಸಂಕಪ್ಪ ಬಂದ. ಅವನು ಕುಣಿಯುತ್ತಿರಲಿಲ್ಲ.

"ಬಾಯಿ ಹೋದ ಮ್ಯಾಲ ದೇಸಾಯಿ ಬೆತ್ತ ಹಿಡದಾನ" ಎಂದ. "ಬೆತ್ತ ತೋರಿಸಿದ ಕಡೆ ಜನ ಓಡತಾರ. ಮೊದಲ ಬೈಸಿಕೊಂಡು ಓಡತಿದ್ರು, ಈಗ ಹೊಡಿಸಿಕೊಂಡು ಓಡತಾರ. ನಿಮ್ಮಪ್ಪನ ಬೆನ್ನ ಮ್ಯಾಲ ಬಾಸುಂಡಿ ಎದ್ದೈತಿ."

ಬರಮಿ ಎದ್ದು ಕೂತಳು. "ಅಪ್ಪ ಏನಂದ?"

ಸಂಕಪ್ಪ ಏನೂ ಇಲ್ಲವೆಂದು ತಲೆಯಾಡಿಸಿದ.

ಬರಮಿ ಗುರುವಿನ ಕಡೆ ತಿರುಗಿದಳು. ಅವಳ ದನಿ ಈಗ ಒಣ ಎಲೆ ತುಳಿದಂತೆ ಕೇಳುತ್ತಿತ್ತು. "ನನಗ ಅವನ ಎದುರು ಕೂಡಾಕ ಅಂಜಿಕಿ ಆಗತೈತಿ ಅವ್ವಾ. ಹಾವಿನ ಎದುರು ಕೂಡು ಅನ್ನು, ಕೂಡತೀನಿ. ಅಂವ ಬಾಯಿ ತೆರದ್ರ ನಮ್ಮ ಮನಿಯಾಗ ಎಲ್ಲಾರ ಮೊಣಕಾಲೂ ತಾವಾಗೇ ಮಡಚತಾವ. ನಂದೂ ಮಡಚತಾವ."

"ಕೂಡಾಕ ಮೊಣಕಾಲು ಮಡಚಲೇಬೇಕಲ್ಲ" ಎಂದಳು ಹುಲಿಗೆವ್ವ. "ನಡಿ, ತೆಪ್ಪ ನಾ ಹಾಕ್ತೀನಿ."

ಊರಿನ ಮೆಟ್ಟಿಲುಗಳ ಮೇಲೆ ದೇಸಾಯಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ತೊಡೆಯ ಮೇಲೆ ಬೆತ್ತ. ಕೆಳಗೆ ನೀರಿನಲ್ಲಿ ಬಟ್ಟೆ ಒಗೆಯುವವರು ತಲೆ ತಗ್ಗಿಸಿ ಬಟ್ಟೆ ಬಡಿಯುತ್ತಿದ್ದರು. ಗುತ್ಯಪ್ಪ ತಲೆಯ ಮೇಲೆ ಗಂಟು ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಮಗಳನ್ನು ಕಂಡು ಅಲ್ಲೇ ನಿಂತ.

ಬರಮಿ ದೇಸಾಯಿಯ ಎದುರು ಹೋದಳು. ಅವನ ಕೆಳಗಿನ ಮೆಟ್ಟಿಲಲ್ಲಲ್ಲ, ಅವನ ಕುರ್ಚಿ ಇದ್ದ ಮೆಟ್ಟಿಲಿನಲ್ಲೇ ಕೂತಳು. ಬಟ್ಟೆ ಬಡಿಯುವ ಸದ್ದು ನಿಂತಿತು.

"ನಿನಗೇನು ಹೇಳೋದಿತ್ತು?" ಎಂದಳು.

ದೇಸಾಯಿಯ ಗಂಟಲು ಗುರುಗುಟ್ಟಿತು. ಬಾಯಿ ತೆರೆಯಿತು.

"ನಾಯಿ! ನಾಯಿ ಹೊಟ್ಟಿಯಾಗ ಹುಟ್ಟಿದಾಕಿ! ನನ್ನ ಎಂಜಲ ತಿಂದು ಬೆಳದು ನನಗ ಮಂತ್ರ ಹಾಕ್ತೀ?"

ಹೊಳೆಯ ಹಕ್ಕಿಗಳು ಹಾರಿದವು. ಬರಮಿಯ ಕೈ ತಾನಾಗಿ ದಾರಕ್ಕೆ ಹೋಯಿತು. ಅವಳು ಅರ್ಧ ಎದ್ದಳು. ಗಂಟು ಮುಂಗೈಯನ್ನು ಕಚ್ಚಿತು.

ಅವಳು ತೆಪ್ಪದ ಕಡೆ ನೋಡಿದಳು. ಹುಲಿಗೆವ್ವ ಶೇಂಗಾ ಸುಲಿದು ತಿನ್ನುತ್ತಿದ್ದಳು. ತನ್ನ ಮೂಗು ಮುಟ್ಟಿ ತೋರಿಸಿದಳು, ಹುಂಜ ಸಂಕಪ್ಪನಿಗೆ ಕುಕ್ಕಿದ ಜಾಗ.

ಬರಮಿ ಮತ್ತೆ ಕೂತಳು. ಕಣ್ಣು ಮುಚ್ಚಲಿಲ್ಲ.

ದೇಸಾಯಿ ಬೈದ. ಅವಳ ತಾಯಿಯನ್ನು ಬೈದ, ಅಜ್ಜನನ್ನು ಬೈದ, ಅವರ ಕತ್ತೆಗಳನ್ನೂ ಬೈದ. ಬೇರು ಸಮೇತ ಕೀಳುತ್ತೇನೆ ಎಂದ. ಹೊಳೆಯ ನೀರು ಮುಟ್ಟಗೊಡುವುದಿಲ್ಲ ಎಂದ. ಗಂಟು ಒಂದು ಎಳೆ ಸಡಿಲವಾಯಿತು.

ಬರಮಿ ಕೂತೇ ಇದ್ದಳು.

ದೇಸಾಯಿ ಮತ್ತೆ ನಾಯಿ ಎಂದ. ಮತ್ತೆ ಎಂಜಲು ಎಂದ. ಮತ್ತೆ ಅಜ್ಜನಿಗೆ ಬಂದ, ಕತ್ತೆಗೆ ಬಂದ. ಬೇರು ಸಮೇತ ಎಂದು ಶುರು ಮಾಡಿ ಕೆಮ್ಮಿದ.

ನೀರಿನಲ್ಲಿ ನಿಂತಿದ್ದ ಒಬ್ಬಾಕೆ ಪಕ್ಕದವಳ ಕಡೆ ನೋಡಿದಳು. ಈ ಮಾತು ಆಗಲೇ ಆಗಿತ್ತಲ್ಲ?

ಆಗಿತ್ತು. ಅವನ ಹತ್ತಿರ ಇದ್ದದ್ದೇ ಅಷ್ಟು. ತಲೆಮಾರುಗಳಿಂದ ಜನ ಅರ್ಧಕ್ಕೇ ಓಡಿಹೋಗಿದ್ದರು. ಕೊನೆಯ ತನಕ ಕೂತು ಕೇಳಿದವರು ಯಾರೂ ಇರಲಿಲ್ಲ. ಹಾಗಾಗಿ ಅದು ಮುಗಿಯುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ದೇಸಾಯಿಗೂ ಗೊತ್ತಿರಲಿಲ್ಲ.

"ನಾಯಿ..." ಎಂದ ದೇಸಾಯಿ. ಮುಂದಕ್ಕೆ ಹುಡುಕಿದ. ಸಿಗಲಿಲ್ಲ.

ಗಂಟು ಜಾರಿ ಹೋಯಿತು. ಕರಿದಾರ ಮೆಟ್ಟಿಲ ಮೇಲೆ ಬಿತ್ತು.

"ಮತ್ತೇನಾದ್ರೂ ಐತೇನು?" ಎಂದಳು ಬರಮಿ. ದನಿ ಗಂಟೆಯಂತೆ ಬಂತು. ಅವಳೇ ಬೆಚ್ಚಿದಳು.

ದೇಸಾಯಿ ಬೆತ್ತ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಎದುರಿಗಿದ್ದವರು ಯಾರೂ ಓಡಿರಲಿಲ್ಲ. ನೀರಿನಲ್ಲಿದ್ದವರು ಒಬ್ಬೊಬ್ಬರಾಗಿ ಹಸಿ ಬಟ್ಟೆ ಕೈಯಲ್ಲಿ ಹಿಡಿದೇ ಮೆಟ್ಟಿಲು ಹತ್ತಿ ಬಂದಿದ್ದರು. ಓಡದವರನ್ನು ಹೇಗೆ ಹೊಡೆಯಬೇಕು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಆಗ ಗುತ್ಯಪ್ಪ ತಲೆಯ ಮೇಲಿನ ಗಂಟು ಇಳಿಸಿದ. ದೇಸಾಯಿಯ ಬಿಳಿ ಪಂಚೆಗಳ ಗಂಟು. ಅದನ್ನು ಮೆಟ್ಟಿಲ ಮಣ್ಣಿನ ಮೇಲೇ ಇಟ್ಟ. ಮಗಳ ಪಕ್ಕ ಬಂದು ನಿಂತ.

"ಮುಗೀತೇನ್ರಿ ಧಣಿ?" ಎಂದ. "ಮುಗದಿತ್ತಂದ್ರ ನಂದೊಂದು ಮಾತೈತಿ."

ಬರಮಿ ಆ ದನಿಯನ್ನು ಯಾವತ್ತೂ ಕೇಳಿರಲಿಲ್ಲ. ದಪ್ಪ ದನಿ. ಮನೆಯಲ್ಲಿ ಇಷ್ಟು ದಿನ ಅದು ಎಲ್ಲಿತ್ತೋ.

ಅವಳು ಎದ್ದು ಮೆಟ್ಟಿಲು ಹಾರಿ ತೆಪ್ಪದ ಹತ್ತಿರ ಓಡಿದಳು.

"ಅವ್ವಾ! ಅಪ್ಪ ಮಾತಾಡಾಕತ್ಯಾನ! ನಾ ಯಾವ ಮಂತ್ರಾನೂ ಅಂದಿಲ್ಲ. ಅವನ ಬಾಯಿ ಹೆಂಗ ಬಿಚ್ಚಿತು?"

ಹುಲಿಗೆವ್ವ ಉಳಿದ ಶೇಂಗಾವನ್ನು ಅವಳ ಕೈಗೆ ಸುರಿದಳು. ಅವಳ ಹೆಗಲು ಹಿಡಿದು ಮೆಟ್ಟಿಲ ಕಡೆ ತಿರುಗಿಸಿದಳು.

"ಎದ್ದು ಯಾಕ ಬಂದಿ? ಹೋಗಿ ಕೂಡು. ಅದು ನಿಮ್ಮಜ್ಜನ ಕಾಲದಾಗ ಕಟ್ಟಿದ ಬಾಯಿ, ಮುಗಿಯಾಕ ಹೊತ್ತಾಗತೈತಿ."