ಒಂದೇ ಪೊಟರೆಗೆ ಇಬ್ಬರು

ಮಳೆಗಾಲಕ್ಕೆ ಪೊಟರೆ ಹಂಚುವ ಸಾಫ್ಟ್‌ವೇರ್ ಹೆಣೆದ ಗೀಜಗ, ಅದರ ಪರೀಕ್ಷೆಗೆ ಮಿಂಚುಹುಳುವನ್ನು ಡೇಟಾಬೇಸ್ ಮಾಡಿಕೊಂಡಿತು. ಯಾವ ಪೊಟರೆ ಯಾರದೆಂದು ಕಡತದಲ್ಲಿ ಬರೆದಿಡುವ ಕಾಡಿನ ಅಸಲಿ ಡೇಟಾಬೇಸ್ ಆಮೆ. ಆದರೆ ಅದು ಬಲು ನಿಧಾನ. ಮಿಂಚುಹುಳುವೋ, ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ಪರೀಕ್ಷೆಗೂ "ಪಾಸು" ಎಂದಿತು.

ಒಂದೂ ತಪ್ಪಿಲ್ಲದ್ದನ್ನು ಕಂಡೇ ಗೀಜಗಕ್ಕೆ ಅನುಮಾನ ಬಂತು. ಅಸಲಿ ಕಡತ ಕೆಡದಿರಲೆಂದು, ಆಮೆಯಷ್ಟೇ ಕಟ್ಟುನಿಟ್ಟಾದ ಅದರ ತಂಗಿಯನ್ನು ಕರೆತಂದು, ಖಾಲಿ ಕಡತ ಕೊಟ್ಟು, ಅವೇ ಪರೀಕ್ಷೆಗಳನ್ನು ಮತ್ತೆ ನಡೆಸಿತು. ಏಳನೆಯದಕ್ಕೇ ಅವಳು ತಡೆದಳು: "ಆಲದ ಪೊಟರೆಯನ್ನು ಅಳಿಲಿಗೆ ಬರೆದಾಗಿದೆ. ಅದನ್ನೇ ಕೇರೆಹಾವಿಗೂ ಬರೆಯಲಾರೆ."

ಗೀಜಗ ಮಿಂಚುಹುಳುವಿನತ್ತ ತಿರುಗಿತು. "ನೀನೇಕೆ ತಡೆಯಲಿಲ್ಲ?"

"ನಾನು ಯಾರಿಗೂ ಇಲ್ಲ ಎಂದವನಲ್ಲ, ಸ್ವಾಮಿ."

"ಸದ್ಯ, ಬದುಕಿದೆ!" ಎಂದು ಗೀಜಗ ಉಸಿರು ಬಿಟ್ಟು ಸಾಫ್ಟ್‌ವೇರ್‌ನ ತಪ್ಪು ತಿದ್ದಿತು. ಮೊದಲ ಮಳೆಗೆ ಅಳಿಲು ಪೊಟರೆಯಲ್ಲಿ ಬೆಚ್ಚಗೆ ಮಲಗಿತು. ಪಕ್ಕದಲ್ಲಿ ಯಾರು ಮಲಗಬೇಕಿತ್ತೆಂದು ಅದಕ್ಕೆ ಗೊತ್ತೇ ಆಗಲಿಲ್ಲ.